ಗಿಡಕ್ಕ ಕೂಲರ್, ಅತ್ತೀಗೆ ಫ್ಯಾನ್

ಹಟ್ಟಿ ಚಿನ್ನದ ಗಣಿ ಕಂಪನಿ ಕ್ವಾರ್ಟರ್ಸಿನ್ಯಾಗ ನಾ ರೊಟ್ಟಿ ಮಾರ್ತೀನಿ, ಸುದ್ದಿ ಪುಕ್ಕಟೆ. ಬ್ಯಾಸಿಗ್ಯಾಗ ಒಂದ್ ಮನಿಗೆ ಹೋದ್ರ ಅತ್ತಿ ಫ್ಯಾನಿನ ಕೆಳಗ ಬೆವರಾಕತ್ತಿದ್ಲು, ಕೂಲರ್ ಮಾತ್ರ ಕುಂಡದಾಗಿನ ಗಿಡಕ್ಕ ಬೀಸಾಕತ್ತಿತ್ತು.

"ಇದೇನಬೇ ತಂಗಿ?" ಅಂದೆ ಸೊಸಿಗೆ.

"ಮಳಿ ಕಾಡಿನ ಗಿಡರೀ ಆಯಿ, ಹಸಿ ಗಾಳಿ ಬೇಕು. ನಮ್ಮವ್ವ ಕೊಟ್ಟಿದ್ದು. ಆದ್ರೂ ಎಲಿ ಅಂಚು ಒಣಗಾಕತ್ತೈತಿ," ಅಂತ ಕಣ್ಣಾಗ ನೀರು ತಂದ್ಲು.

"ನಾನೂ ಒಣಗಾಕತ್ತೀನಿ!" ಅಂತ ಅತ್ತಿ ಹಟಕ್ಕ ಬಿದ್ದು, ಕೂಲರಿಗೂ ಗಿಡಕ್ಕೂ ನಡುವ ಮಂಚ ಎಳದು ಮಲಗಿದ್ಲು. ಇನ್ನ ಗಿಡ ಸಾಯ್ತೈತಿ, ಸೊಸಿ ತವರಿಗೆ ಹೊಂಟ್ಲು ಅಂತ ನಾ ಓಣಿ ತುಂಬ ಸಾರಿದೆ.

ಕೆಲವು ದಿನ ಬಿಟ್ಟು ಹೋಗಿ ನೋಡಿದ್ರ ಹೊಸ ಎಲಿ ಹಸರಾಗಿ ಬಿಚ್ಚೈತಿ! ನೇರ ಬಡಿಯೋ ಗಾಳಿನೇ ಎಲಿ ಒಣಗಸ್ತಿತ್ತಂತ. ಅದನ್ನ ಅತ್ತಿ ಬೆನ್ನು ತಡದಿದ್ದಕ್ಕ ಖೋಲ್ಯಾಗ ಬರೇ ತ್ಯಾವ ಉಳದೈತಿ. ಸೊಸಿ ಈಗ ಅತ್ತೀನ ಮಂಚದಿಂದ ಏಳಾಕ ಬಿಡವಲ್ಲಳು, ಚಾ ಅಲ್ಲೇ ತಂದು ಕೊಡ್ತಾಳ.

ಸಾರಿದ ಸುದ್ದಿ ವಾಪಸ್ ತರಾಕ ಈ ವಯಸ್ಸಿನ್ಯಾಗ ನಾ ಮತ್ತ ಮನಿ ಮನಿ ತಿರುಗಬೇಕೇನು?