ಖಾಯಂ ವಿಳಾಸದ ಜಾಗದಲ್ಲಿ

ಪದ್ಮನಾಭನಗರದ ಟ್ಯೂಷನ್ ಸೆಂಟರ್ ಒಂದರ ಮೇಲಿನ ಕೋಣೆಯೇ ನನ್ನ ಕಚೇರಿ. ಮೂವತ್ತು ವರ್ಷಗಳ ವಕೀಲಿಕೆಯಲ್ಲಿ ನಾನು ಕಂಡದ್ದೆಲ್ಲ ಸೈಟಿನ ಜಗಳ, ಬಾಡಿಗೆಯ ಜಗಳ. ಹೋದ ವರ್ಷ ಅಲ್ಲಿಗೆ ಅಫ್ಘಾನಿಸ್ತಾನದ ಹುಡುಗಿಯೊಬ್ಬಳು ಬಂದಳು. ಇಲ್ಲಿ ಓದಲು ಬಂದವಳ ವೀಸಾ ಮುಗಿದಿತ್ತು, ದೇಶ ಬಿಟ್ಟು ಹೋಗೆಂದು ನೋಟಿಸು ಬಂದಿತ್ತು. ಊರಿನಲ್ಲಿ ಅವಳ ಅಕ್ಕ ಮನೆಯಲ್ಲೇ ಹೆಣ್ಣುಮಕ್ಕಳಿಗೆ ಪಾಠ ಹೇಳುತ್ತಿದ್ದಳಂತೆ. ಅದೇ ತಪ್ಪಿಗೆ ಅಲ್ಲಿಯ ಆಡಳಿತದವರು ಅಕ್ಕನನ್ನು ಹಿಡಿದುಕೊಂಡು ಹೋದರು, ಇನ್ನೂ ಸುದ್ದಿಯಿಲ್ಲ.

ನಮ್ಮಲ್ಲಿ ನಿರಾಶ್ರಿತರಿಗೆಂದೇ ಒಂದು ಕಾನೂನಿಲ್ಲ. ಜೀವ ಉಳಿಸಿಕೊಳ್ಳಲು ನಿಂತವಳೂ ಒಂದೇ, ವೀಸಾ ಮುಗಿದರೂ ಮಜಾ ಮಾಡಲು ನಿಂತವನೂ ಒಂದೇ. ಇದನ್ನು ನೆನೆದರೆ ಈಗಲೂ ಸಿಟ್ಟು ಬರುತ್ತದೆ. ಆದರೂ ಸಂವಿಧಾನ ಜೀವದ ರಕ್ಷಣೆಯನ್ನು ನಾಗರಿಕರಿಗಷ್ಟೇ ಕೊಟ್ಟಿಲ್ಲ, ಮನುಷ್ಯರೆಲ್ಲರಿಗೂ ಕೊಟ್ಟಿದೆ. ಅದೊಂದನ್ನೇ ಹಿಡಿದು ಹೈಕೋರ್ಟಿಗೆ ಅರ್ಜಿ ಹಾಕಿದೆ.

ಮೊದಲ ದಿನವೇ ಸರ್ಕಾರಿ ವಕೀಲರು ಎದ್ದು, ಈಕೆ ಅಫಿಡವಿಟ್‌ನಲ್ಲೇ ಸುಳ್ಳು ಹೇಳಿದ್ದಾಳೆ ಎಂದರು. ಖಾಯಂ ವಿಳಾಸದ ಜಾಗದಲ್ಲಿ 'ಮೇಲಿನಂತೆ' ಎಂದಿತ್ತು. ಮೇಲಿದ್ದದ್ದು ಬನಶಂಕರಿಯ ಬಾಡಿಗೆ ರೂಮು. ವಿದೇಶಿಯೊಬ್ಬಳು ತಾನು ಇಲ್ಲಿಯ ಖಾಯಂ ನಿವಾಸಿ ಎನ್ನುತ್ತಿದ್ದಾಳಲ್ಲ ಎಂದು ಅವರ ವಾದ. ಅದನ್ನು ಬರೆದದ್ದು ಅವಳಲ್ಲ, ನಾನು. ಹುಟ್ಟಿದ ಮನೆಯಲ್ಲೇ ಮುದುಕರಾದ ಜಯನಗರದ ಕಕ್ಷಿದಾರರಿಗೆ ಹಾಗೆ ಬರೆದೂ ಬರೆದೂ ಕೈಗೆ ಅದೇ ರೂಢಿ. ಎದುರಾಳಿಯ ಕಾಗದದಲ್ಲಿ, ಅಕ್ಕಿಯಲ್ಲಿ ಕಲ್ಲು ಹುಡುಕುವಂತೆ ತಪ್ಪು ಹುಡುಕುವ ಮಹಾನುಭಾವ ನಾನು, ನನ್ನದನ್ನೇ ತಿರುಗಿಯೂ ನೋಡಿರಲಿಲ್ಲ.

ತಪ್ಪು ನನ್ನದೆಂದು ಒಪ್ಪಿಕೊಂಡೆ. ನ್ಯಾಯಾಧೀಶರು ಸರಿಯಾಗಿಯೇ ಮಂಗಳಾರತಿ ಎತ್ತಿದರು. ಆದರೆ ತಿದ್ದಿ ತರಲು ಸೋಮವಾರದವರೆಗೆ ಸಮಯ ಕೊಟ್ಟು, ಅಲ್ಲಿಯವರೆಗೆ ಆಕೆಯನ್ನು ಕಳಿಸಕೂಡದು ಎಂದರು.

ಸಂಜೆ ಕಚೇರಿಯಲ್ಲಿ ಅವಳ ಕ್ಷಮೆ ಕೇಳಿ ಹೊಸ ಹಾಳೆ ತೆಗೆದೆ. ಕೆಳಗೆ ಮಕ್ಕಳು ಮಗ್ಗಿ ಒಪ್ಪಿಸುತ್ತಿದ್ದರು. ಅವಳ ಕಿವಿ ಅತ್ತಲೇ ಇತ್ತು. ಊರಿನ ವಿಳಾಸ ಕೇಳಿದೆ. ಬೀದಿಯ ಹೆಸರು ಹೇಳಿದಳು, ಮನೆ ನಂಬರಿಗೆ ಬಂದಾಗ ತಡೆದಳು. ಆಮೇಲೆ ಹಾಸ್ಟೆಲಿನಲ್ಲಿ ಕಲಿತ ಕನ್ನಡದಲ್ಲಿ ಕೇಳಿದಳು.

"ಅಂಕಲ್, ಇದು ಬರೆದ್ರೆ ನನ್ನನ್ನ ಆ ಮನೆಗೇ ಕಳಿಸ್ತಾರಾ?"

"ಇಲ್ಲಮ್ಮ, ಕಳಿಸಲ್ಲ" ಎಂದೆ.

ಅಷ್ಟು ಖಚಿತವಾಗಿ ಹೇಳಲು ನನ್ನ ಕಪಾಟಿನ ಯಾವ ಕಾನೂನು ಪುಸ್ತಕದಲ್ಲೂ ಒಂದು ಸಾಲಿರಲಿಲ್ಲ. ಅವಳು ನನ್ನನ್ನು ನಂಬಿ ಮನೆ ನಂಬರ್ ಹೇಳಿದಳು.