ಕೆನೆ ನಿಲ್ಲಿಸಿದ ಎಡಗೈ

ಐರಿಷ್ ಕಾಫಿ ಹುಟ್ಟಿದ್ದು ಹೇಗೆ ಎಂದು ಯಾರಾದರೂ ಕೇಳಿದರೆ ಸಾಕು, ಕೆನೆಯಣ್ಣ ಕೈಯಲ್ಲಿದ್ದ ಒರೆಸುವ ಬಟ್ಟೆಯನ್ನು ಹೆಗಲಿಗೇರಿಸಿ ಶುರುಮಾಡಿಬಿಡುತ್ತಿದ್ದ. ವಿಮಾನಗಳು ನೀರಿನ ಮೇಲೆ ಇಳಿಯುತ್ತಿದ್ದ ಕಾಲವಂತೆ. ಕೊರೆಯುವ ಚಳಿಯಲ್ಲಿ ಒಂದು ವಿಮಾನ ಸಮುದ್ರ ದಾಟಲು ಹೊರಟು, ಗಾಳಿಯ ಹೊಡೆತ ತಾಳಲಾರದೆ ಅರ್ಧ ದಾರಿಯಿಂದ ವಾಪಸ್ಸು ಬಂತಂತೆ. ಇಳಿದವರ ಹಲ್ಲುಗಳು ಕಟಕಟ ಎನ್ನುತ್ತಿದ್ದವು. ಅಲ್ಲಿನ ಅಡುಗೆಯವನು, ಬರೀ ಕಾಫಿಗೆ ಇವರ ಚಳಿ ಬಗ್ಗುವುದಿಲ್ಲ ಎಂದುಕೊಂಡು, ಅದಕ್ಕೆ ಒಂದಿಷ್ಟು ವಿಸ್ಕಿ ಸುರಿದು ಮೇಲೆ ಕೆನೆ ತೇಲಿಸಿ ಕೊಟ್ಟನಂತೆ.

"ನಿಜಾನಾ ಅಂತ ಕೇಳಬೇಡಿ, ನಾನಲ್ಲಿ ಇರಲಿಲ್ಲ," ಎಂದು ಕೊನೆಗೆ ಸೇರಿಸುತ್ತಿದ್ದ. "ನಾನೇ ಮೊದಲು ಮಾಡಿದ್ದು ಅನ್ನೋರು ಇನ್ನೂ ಬೇಕಾದಷ್ಟು ಜನ ಇದ್ದಾರೆ. ಮಗು ಹೆಸರು ಮಾಡಿದ ಮೇಲೆ ಅಪ್ಪಂದಿರಿಗೇನು ಬರ?"

ರೈಲು ನಿಲ್ದಾಣದ ಎದುರಿನ ಹೋಟೆಲಿನಲ್ಲಿ, ನೆಲಮಹಡಿಯ ಬಾರಿನ ಉದ್ದನೆಯ ಮರದ ಕೌಂಟರಿನ ಹಿಂದೆ ಅವನ ಯೌವನವೆಲ್ಲ ಕಳೆದಿತ್ತು. ಮದುವೆಯ ಗೊಡವೆಗೆ ಹೋದವನಲ್ಲ. ಯಾವ ಪಾನೀಯ ಕೇಳಿದರೂ ಮಾಡಿಕೊಡುತ್ತಿದ್ದ, ಆದರೆ ಜನ ರೈಲು ತಪ್ಪಿಸಿಕೊಂಡಾದರೂ ಕಾಯುತ್ತಿದ್ದದ್ದು ಆ ಕೆನೆ ಕಾಫಿಗೆ. ಕೆಳಗೆ ಕಡುಕಪ್ಪು, ಮೇಲೆ ಅಚ್ಚ ಬಿಳುಪು, ನಡುವೆ ಗೆರೆ ಎಳೆದ ಹಾಗೆ. ಕೆನೆಯಣ್ಣ ಎಂಬ ಹೆಸರು ಬಂದದ್ದು ಅದರಿಂದಲೇ. ತಾಯಿ ತಂದೆ ಇಟ್ಟ ಹೆಸರಿನಿಂದ ಸಂಬಳದ ದಿನ ಬಿಟ್ಟರೆ ಯಾರೂ ಕರೆಯುತ್ತಿರಲಿಲ್ಲ. "ಇದೇನು ಮಹಾ, ಎಡಗೈಯಲ್ಲಿ ಬೇಕಾದರೂ ಮಾಡ್ತೀನಿ" ಎಂದು ಆಗಾಗ ಜಂಬ ಕೊಚ್ಚುತ್ತಿದ್ದ. ಅಂಥ ಮಾತನ್ನೆಲ್ಲ ಆಡಬಾರದು, ವಿಧಿಗೆ ಕಿವಿ ಚುರುಕು.

ಒಂದು ಬೆಳಿಗ್ಗೆ ಗಡ್ಡ ಹೆರೆದುಕೊಳ್ಳುತ್ತಿದ್ದಾಗ ರೇಜರು ಜಾರಿ ಬೇಸಿನ್ನಿಗೆ ಬಿತ್ತು. ಎತ್ತಿಕೊಳ್ಳಲು ಹೋದರೆ ಬಲಗೈ ಯಾರದೋ ಕೈಯಂತೆ ನೇತಾಡುತ್ತಿತ್ತು. ಲಕ್ವ ಹೊಡೆದಿತ್ತು. ಆಸ್ಪತ್ರೆಗೆ ಸೇರಿಸಿದ ಮೇಲೆ ಸಕ್ಕರೆ ಕಾಯಿಲೆಯೂ ಇದೆಯೆಂದು ಗೊತ್ತಾಯಿತು. ಬೀಳುವಾಗ ಒಂದೇ ಸಲಕ್ಕೆ ಬೀಳಲಿ ಎಂದು ಎರಡೂ ಮಾತಾಡಿಕೊಂಡು ಬಂದಂತಿತ್ತು.

ಮನೆಯಲ್ಲಿ ಅವನಿಗಿದ್ದವಳು ಒಬ್ಬಳೇ ಅಕ್ಕ. ಗಂಡ ತೀರಿಕೊಂಡ ಮೇಲೆ ತಮ್ಮನ ಜೊತೆಗೇ ಇದ್ದಳು. ನಿವೃತ್ತಳಾಗುವ ತನಕ ನರ್ಸಾಗಿದ್ದವಳು. ಆಸ್ಪತ್ರೆ ಬಿಟ್ಟರೂ ಆಸ್ಪತ್ರೆ ಅವಳನ್ನು ಬಿಟ್ಟಿರಲಿಲ್ಲ. ತಮ್ಮನ ಕೈಯನ್ನು ದಿನವೂ ತಿಕ್ಕಿ, ತಿರುಗಿಸಿ, ಬೆರಳು ಒಂದೊಂದನ್ನೇ ಬಿಡಿಸಿ ಮಡಚಿ, ನಡೆಯುವಂತೆ ಮಾಡಿ, ಮೂಲೆಗೆ ಬಿದ್ದವನನ್ನು ಎತ್ತಿ ನಿಲ್ಲಿಸಿದಳು. ಆದರೆ ಅವಳ ಕಾನೂನು ಎಂದರೆ ಕಾನೂನು. ವೈದ್ಯರು "ಅಪರೂಪಕ್ಕೆ ಒಂದು ಬಿಸ್ಕತ್ತು ತಿನ್ನಲಿ ಬಿಡಿ" ಎಂದರೂ ಅಕ್ಕ ಬಿಡಲಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುವುದು ಇದಕ್ಕೇ.

ಕೆನೆಯಣ್ಣ ಮನೆಯೊಳಗೆ ಓಡಾಡುವಂತಾದಾಗ ಹೋಟೆಲಿನ ಯಜಮಾನತಿ ನೋಡಲು ಬಂದರು. ಒಳ್ಳೆಯ ಹೆಂಗಸು. ಹಣ್ಣಿನ ಚೀಲವನ್ನು ಮೇಜಿನ ಮೇಲಿಟ್ಟು, ಎಲ್ಲೆಲ್ಲೋ ಸುತ್ತಿ ಕೊನೆಗೆ ಮಾತಿಗೆ ಬಂದರು.

"ಕೌಂಟರಲ್ಲಿ ನಿಂತು ದುಡಿಯೋದು ನಿಮಗಿನ್ನು ಕಷ್ಟ ಆಗುತ್ತೆ. ಉಗ್ರಾಣ ನೋಡಿಕೊಳ್ಳಿ. ಕೂತು ಮಾಡೋ ಕೆಲಸ, ಯಾರ ಕಾಟವೂ ಇರಲ್ಲ. ಅವಸರವಿಲ್ಲ, ಯೋಚನೆ ಮಾಡಿ ಹೇಳಿ."

ಅವರು ಹೋದ ಮೇಲೆ ಕೆನೆಯಣ್ಣ ಹಣ್ಣಿನ ಚೀಲವನ್ನು ಅಕ್ಕನ ಕಡೆ ತಳ್ಳಿದ. ಆ ಉಗ್ರಾಣ ಅವನಿಗೆ ಗೊತ್ತು. ಕಿಟಕಿಯಿಲ್ಲದ ಕೋಣೆ, ಒಂದು ಬಲ್ಬು, ಗೋಡೆಯುದ್ದಕ್ಕೂ ಬಾಟಲಿಗಳು. ಬಾಟಲಿಗೆ ಕಥೆ ಹೇಳಲು ಆಗುತ್ತದೆಯೇ? ಅದೂ ಅಲ್ಲದೆ ಅವನ ಜಾಗಕ್ಕೆ ಬಂದ ಹೊಸಬ ಡಬ್ಬಿಯ ಮೂತಿ ಒತ್ತಿ ಪುಸ್ಸೆಂದು ನೊರೆ ಬಿಟ್ಟು ಅದನ್ನೇ ಕೆನೆ ಎನ್ನುತ್ತಿದ್ದಾನೆಂಬ ಸುದ್ದಿ ಬಂದಿತ್ತು. ಲಕ್ವಕ್ಕಿಂತ ಆ ಸುದ್ದಿಯೇ ಅವನನ್ನು ಹೆಚ್ಚು ಹಿಂಡಿತು.

"ಅಕ್ಕ, ಮನೇಲೇ ಮಾಡಿ ನೋಡ್ತೀನಿ," ಎಂದ. "ಕೆನೆ ನಿಂತರೆ ಕೌಂಟರಿಗೆ ಹೋಗ್ತೀನಿ. ಮುಳುಗಿದರೆ ಉಗ್ರಾಣ. ಆಮೇಲೆ ಅದರ ಮಾತೇ ಬೇಡ."

"ಮಾಡು. ಬಾಯಿಗೆ ಮಾತ್ರ ಒಂದು ತೊಟ್ಟೂ ಹೋಗಕೂಡದು," ಎಂದಳು ಅಕ್ಕ.

ಮಧ್ಯಾಹ್ನದ ಊಟದ ಪಾತ್ರೆ ತೊಳೆದಿಟ್ಟ ಮೇಲೆ ಅಡುಗೆಮನೆ ಅವನ ಕೈಗೆ ಬರುತ್ತಿತ್ತು. ಕಾಲಿರುವ ಗಾಜಿನ ಲೋಟಕ್ಕೆ ಮೊದಲು ಬಿಸಿನೀರು ಹುಯ್ದು, ಗಾಜು ಬೆಚ್ಚಗಾದ ಮೇಲೆ ಚೆಲ್ಲುತ್ತಿದ್ದ. ತಣ್ಣನೆಯ ಗಾಜಿಗೆ ಬಿಸಿ ಕಾಫಿ ಬಿದ್ದರೆ ಎರಡಕ್ಕೂ ಮುನಿಸು. ಆಮೇಲೆ ಎರಡು ಚಮಚ ಸಕ್ಕರೆ, ಮುಕ್ಕಾಲು ಲೋಟ ಗಟ್ಟಿ ಕಪ್ಪು ಕಾಫಿ, ಚೆನ್ನಾಗಿ ಕದಡಿ, ಅದರ ಮೇಲೆ ವಿಸ್ಕಿ. ಕೆನೆ ಫ್ರಿಜ್ಜಿನಿಂದ ಆಗಷ್ಟೇ ಬರಬೇಕು. ಮುಚ್ಚಳದ ಸೀಸೆಗೆ ಹಾಕಿ ಕುಲುಕಬೇಕು. ಸುರಿದರೆ ಹರಿಯುವಷ್ಟು ತೆಳ್ಳಗಿರಬೇಕು, ಹರಿಯಲು ಸ್ವಲ್ಪ ಸೋಮಾರಿತನವೂ ಇರಬೇಕು. ಕೊನೆಗೆ ಚಮಚವನ್ನು ಕಾಫಿಗೆ ತಾಗಿಯೂ ತಾಗದಂತೆ ಬೋರಲು ಹಿಡಿದು, ಅದರ ಬೆನ್ನ ಮೇಲೆ ಕೆನೆ ಇಳಿಸಬೇಕು. ಬಲಗೈ ಕುಲುಕಲಾರದು, ಸುರಿಯಲಾರದು. ಮೊಣಕೈಯನ್ನು ಮೇಜಿಗೆ ಊರಿದರೆ ನಡುಕ ತಗ್ಗಿ ಚಮಚ ಹಿಡಿದುಕೊಂಡು ಇರಬಲ್ಲದು, ಅಷ್ಟೇ. ಉಳಿದದ್ದೆಲ್ಲ ಎಡಗೈಯ ಪಾಲಿಗೆ ಬಂತು.

ಮೊದಮೊದಲು ಮೇಜೆಲ್ಲ ಕೆನೆಯಾಯಿತು, ಅಂಗಿಯೆಲ್ಲ ಕಾಫಿಯಾಯಿತು. ಎಡಗೈ ಮೊಂಡು ಮಗುವಿನಂತೆ ಹೇಳಿದ್ದನ್ನು ಬಿಟ್ಟು ಬೇರೆಲ್ಲ ಮಾಡುತ್ತಿತ್ತು. ಹಾಡುತ್ತಾ ಹಾಡುತ್ತಾ ರಾಗ, ನರಳುತ್ತಾ ನರಳುತ್ತಾ ರೋಗ. ಕೆನೆಯಣ್ಣ ನರಳಲಿಲ್ಲ. ಬರುಬರುತ್ತಾ ಕೆನೆ ಚಮಚದ ಬೆನ್ನಿನಿಂದ ನೂಲಿನಂತೆ ಇಳಿಯತೊಡಗಿತು. ಮೇಜು ಒಣಗಿಯೇ ಇರುತ್ತಿತ್ತು. ಎಲ್ಲವೂ ಸರಿಯಾಯಿತು, ಒಂದು ಬಿಟ್ಟು. ಕೆನೆ ನಿಲ್ಲುತ್ತಿರಲಿಲ್ಲ. ಇನ್ನೇನು ನಿಂತಿತು ಎನ್ನುವಷ್ಟರಲ್ಲಿ ಬಿಳಿ ಎಳೆಗಳಾಗಿ ಕೆಳಗಿಳಿದು ಲೋಟವೆಲ್ಲ ಕೆಸರುನೀರಿನ ಬಣ್ಣವಾಗುತ್ತಿತ್ತು.

ಹೀಗೆ ಮುಳುಗಿದ್ದನ್ನೆಲ್ಲ ಕುಡಿಯಲು ಕೆಳಮನೆಯ ದರ್ಜಿ ತಯಾರಾಗಿದ್ದ. ಪುಕ್ಕಟೆ ಸಿಕ್ಕರೆ ನನಗೊಂದಿರಲಿ, ನಮ್ಮಪ್ಪನಿಗೊಂದಿರಲಿ ಎನ್ನುವ ಆಸಾಮಿ. ಅಳತೆಯ ಟೇಪನ್ನು ಕೊರಳಿನಲ್ಲಿ ನೇತುಹಾಕಿಕೊಂಡೇ ಮೆಟ್ಟಿಲು ಹತ್ತಿ ಬರುತ್ತಿದ್ದ.

"ಮುಳುಗಿದರೇನಣ್ಣ, ಹೊಟ್ಟೆಯೊಳಗೆ ಹೋದ ಮೇಲೆ ಎಲ್ಲ ಒಂದೇ ತಾನೆ?" ಎಂದು ಸಮಾಧಾನ ಹೇಳುತ್ತಾ ಲೋಟ ಬರಿದು ಮಾಡುತ್ತಿದ್ದ.

ಬೇರೆ ಯಾರಾದರೂ ಆಗಿದ್ದರೆ ಕೆನೆಯನ್ನು ಬೈಯುತ್ತಿದ್ದರು, ಕಾಫಿಯನ್ನು ಬೈಯುತ್ತಿದ್ದರು. ಕೆನೆಯಣ್ಣನಿಗೆ ಅದು ಬಾಯಿಗೇ ಬರಲಿಲ್ಲ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎಂದು ಕೆಲಸ ಕಲಿಯಲು ಬಂದ ಅದೆಷ್ಟು ಮಂದಿಯನ್ನು ಅವನೇ ಮೂದಲಿಸಿದ್ದ! ಈಗ ತಾನೂ ನೆಲದ ಮೇಲೆ ತಪ್ಪು ಹೊರಿಸುವುದೇ? ಎಡಗೈಯದೇ ತಪ್ಪು, ಕಣ್ಣಿಗೆ ಕಾಣದಷ್ಟು ಸಣ್ಣ ನಡುಕ ಎಲ್ಲೋ ಉಳಿದುಕೊಂಡಿದೆ, ಅದು ಎಂದಿಗೂ ಹೋಗುವುದಿಲ್ಲ ಎಂದು ತೀರ್ಮಾನಿಸಿಬಿಟ್ಟ.

ಒಂದು ಮಧ್ಯಾಹ್ನ, ಇದಕ್ಕಿಂತ ಚೆನ್ನಾಗಿ ಸುರಿಯಲು ಸಾಧ್ಯವೇ ಇಲ್ಲ ಎನ್ನುವಷ್ಟು ಚೆನ್ನಾಗಿ ಸುರಿದ. ಅದೂ ಮುಳುಗಿ ದರ್ಜಿಯ ಕೈಸೇರಿತು. ಚಮಚವನ್ನು ತೊಟ್ಟಿಗೆ ಹಾಕಿ ಕುರ್ಚಿಯಲ್ಲಿ ಕುಸಿದ.

"ಅಕ್ಕ, ಯಜಮಾನತಿಗೆ ಫೋನ್ ಮಾಡು. ಉಗ್ರಾಣಕ್ಕೆ ಬರ್ತಾನಂತೆ ಅಂತ ಹೇಳಿಬಿಡು." ಇಷ್ಟು ದಿನದಲ್ಲಿ ಅವನು ಅತ್ತಿರಲಿಲ್ಲ, ಆಗ ಅತ್ತ.

ಅಕ್ಕ ಫೋನಿನ ಕಡೆ ಹೋಗಲಿಲ್ಲ. ದರ್ಜಿಗೆ ಏನು ಮಾಡಬೇಕೋ ತೋಚದೆ, ಸಾವಿನ ಮನೆಯಲ್ಲಿ ಕೂತವನಂತೆ ಮೆಲ್ಲಗೆ ಲೋಟ ಮುಗಿಸಿದ. ಮುಗಿಸಿ ತುಟಿ ಚಪ್ಪರಿಸಿದ. ಇನ್ನೊಮ್ಮೆ ಚಪ್ಪರಿಸಿದ.

"ಒಂದು ಮಾತು ಕೇಳಲಾ ಅಣ್ಣ, ಬೇಜಾರು ಮಾಡ್ಕೋಬೇಡಿ. ಹಿಂದೆ ನಿಮ್ಮ ಹೋಟೆಲಿಗೆ ಬಂದು ಕುಡಿದಾಗ ತುಟಿ ಅಂಟ್ತಿತ್ತು. ಬಾಯಿ ತೊಳೆಯೋ ತನಕ ಅಂಟ್ತಾನೇ ಇರೋದು. ಈಗ ಅಂಟಲ್ಲ. ಸಿಹಿಯೇನೋ ಇದೆ, ಅಂಟಲ್ಲ. ಅದ್ಯಾಕೆ?"

ಕೆನೆಯಣ್ಣ ತಲೆಯೆತ್ತಿದ. ಆಮೇಲೆ ಎದ್ದ. ಸಕ್ಕರೆ ಡಬ್ಬಿಯ ಮುಚ್ಚಳ ತೆಗೆದು ಎಡಗೈಯ ಎರಡು ಬೆರಳಲ್ಲಿ ಒಂದಿಷ್ಟು ಎತ್ತಿ, ಒಂದು ತೊಟ್ಟು ನೀರು ಹಾಕಿ ಉಜ್ಜಿದ. ಅಂಟು ಇರಲಿಲ್ಲ.

"ಅಕ್ಕ. ಇದೇನು?"

"ಸಕ್ಕರೆ."

"ಅಕ್ಕ!"

ಅಕ್ಕ ಸೆರಗನ್ನು ಸರಿಮಾಡಿಕೊಂಡಳು. "ಸಕ್ಕರೆ ಕಾಯಿಲೆಯವರು ಹಾಕ್ಕೊಳ್ಳೋ ಪುಡಿ, ನೋಡೋಕೆ ಸಕ್ಕರೆ ಥರಾನೇ ಇರುತ್ತೆ. ನಿಜವಾದ ಸಕ್ಕರೆನ ನೀನು ಆಸ್ಪತ್ರೆಯಿಂದ ಬಂದ ದಿನವೇ ಮನೆಯಿಂದ ಆಚೆ ಹಾಕಿದೆ. ನಿನ್ನ ನಾಲಿಗೆ ನನಗೆ ಗೊತ್ತಿಲ್ವಾ?"

"ಸುಳ್ಳು! ನಾನು ಕದ್ದು ತಿಂದಾಗಲೆಲ್ಲ ಸಿಹಿಯಾಗೇ ಇತ್ತಲ್ಲ!"

ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡ. ಕುಂಬಳಕಾಯಿ ಕಳ್ಳ ಎಂದು ಯಾರಾದರೂ ಕರೆಯುವ ಮೊದಲೇ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ದರ್ಜಿ ಟೇಪಿನ ತುದಿಯನ್ನು ಬಾಯಿಗೆ ಅಡ್ಡ ಹಿಡಿದು ನಗು ನುಂಗಿದ.

"ನೋಡಿದ್ಯಾ?" ಎಂದಳು ಅಕ್ಕ. "ನಾನು ಬದಲಾಯಿಸದೇ ಇದ್ದಿದ್ದರೆ ಏನು ಗತಿ?"

"ಅದಲ್ಲಕ್ಕ, ಕೆನೆ ನಿಲ್ಲೋದೇ ಸಕ್ಕರೆಯಿಂದ! ಸಕ್ಕರೆ ಕರಗಿದರೆ ಕಾಫಿ ಭಾರ ಆಗುತ್ತೆ, ಕೆನೇನ ಹೊತ್ಕೊಳ್ಳುತ್ತೆ. ಈ ಪುಡಿಗೆ ಎಲ್ಲಿದೆ ಆ ಭಾರ? ಇಷ್ಟು ದಿನ ನನ್ನ ಕೈನ ಬೈಕೊಂಡು ಸತ್ತೆನಲ್ಲ, ನೆಲವೇ ಡೊಂಕಾಗಿತ್ತು!"

ಅಕ್ಕನ ಮುಖ ಸಣ್ಣಗಾಯಿತು. ಇಂಥದ್ದನ್ನು ಅವಳು ಕನಸಿನಲ್ಲೂ ಎಣಿಸಿರಲಿಲ್ಲ. ತಮ್ಮ ದಿನವೂ ಸೋತು ಕೂರುವುದನ್ನು ಬಾಗಿಲಲ್ಲಿ ನಿಂತು ನೋಡಿ ಒಳಗೊಳಗೇ ಬೆಂದವಳೂ ಅವಳೇ.

"ಕೆನೆ ಮುಳುಗಲಿ ಅಂತ ಮಾಡಲಿಲ್ಲ ಕಣೋ," ಎಂದಳು. "ನೀನು ಮುಳುಗಬಾರದು ಅಂತ ಮಾಡಿದೆ."

ಮತ್ತೆ ಯಾರ ಉತ್ತರಕ್ಕೂ ಕಾಯದೆ ಚಪ್ಪಲಿ ಮೆಟ್ಟಿ ಮೆಟ್ಟಿಲಿಳಿದು ಹೋದಳು. ದರ್ಜಿಯ ಹೆಂಡತಿಯಿಂದ ಒಂದು ಬಟ್ಟಲು ಸಕ್ಕರೆ ತಂದು ತಮ್ಮನ ಮುಂದೆ ತಾನೇ ಇಟ್ಟಳು. ಇಟ್ಟು, ಅವನು ಬೆರಳು ಅದ್ದದಂತೆ ಪಕ್ಕದಲ್ಲೇ ಕಾವಲು ನಿಂತಳು.

ಕೆನೆಯಣ್ಣ ಗಾಜು ಬೆಚ್ಚಗೆ ಮಾಡಿದ. ಎರಡು ಚಮಚ ಸಕ್ಕರೆ ಹಾಕಿ, ಕಾಫಿ ಹುಯ್ದು, ತಳದಲ್ಲಿ ಒಂದು ಹರಳೂ ಉಳಿಯದಂತೆ ಕದಡಿದ. ವಿಸ್ಕಿ ಬಿತ್ತು. ಮೊಣಕೈ ಊರಿ ಬಲಗೈಗೆ ಚಮಚ ಹಿಡಿಸಿದ. ಎಡಗೈಯಲ್ಲಿ ಸೀಸೆ ಬಾಗಿಸಿದ. ಕೆನೆ ಚಮಚದ ಬೆನ್ನೇರಿ, ಅಂಚಿಗೆ ಬಂದು, ಕಪ್ಪಿನ ಮೇಲೆ ಹರಡಿಕೊಂಡಿತು. ಮೂವರೂ ಬಗ್ಗಿ ನೋಡಿದರು. ಹರಡಿಕೊಂಡದ್ದು ಅಲ್ಲೇ ನಿಂತಿತು. ಚಮಚ ತೆಗೆದ, ನಿಂತಿತು. ಲೋಟವನ್ನು ಕಿಟಕಿಯ ಬೆಳಕಿಗೆ ಎತ್ತಿ ಹಿಡಿದ, ಆಗಲೂ ನಿಂತೇ ಇತ್ತು. ಕೆಳಗೆ ಕಪ್ಪು, ಮೇಲೆ ಬಿಳುಪು, ನಡುವೆ ಗೆರೆ.

"ನಿಂತ್ಕೊಳ್ತು!" ಎಂದು ಮೊದಲು ಕೂಗಿದವಳು ಅಕ್ಕ. ಬೀದಿಗೆಲ್ಲ ಕೇಳುವ ಹಾಗೆ ಕೂಗಿದಳು. ತಮ್ಮನ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು ಅಲ್ಲಾಡಿಸಿದಳು. ಕೆನೆಯಣ್ಣನಿಗೆ ಆಕಾಶಕ್ಕೆ ಮೂರೇ ಗೇಣು ಉಳಿದಿತ್ತು.

ದರ್ಜಿಯೊಬ್ಬನೇ ಪೆಚ್ಚುಮೋರೆ ಹಾಕಿಕೊಂಡ. "ಆಯ್ತಲ್ಲ, ಇನ್ನು ನನಗೆ ಮುಳುಗಿದ್ದು ಯಾರು ಕೊಡ್ತಾರೆ?" ಎಂದವನು ಆ ನಿಂತ ಲೋಟವನ್ನೂ ಬಿಡಲಿಲ್ಲ.

ಮರುದಿನ ಸಂಜೆ ರೈಲು ಬರುವ ಹೊತ್ತಿಗೆ ಕೆನೆಯಣ್ಣ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೋಟೆಲಿಗೆ ಹೋದ. ಎಷ್ಟು ಬೇಡವೆಂದರೂ ಕೇಳದೆ ಅಕ್ಕನೂ ಬಂದಳು. ಯಜಮಾನತಿ ಉಗ್ರಾಣದ ಬೀಗದ ಕೈಗೆ ಕೈ ಹಾಕುವಷ್ಟರಲ್ಲಿ ಅವನು, "ಒಂದೇ ಒಂದು ಲೋಟ, ಅಮ್ಮ. ಆಮೇಲೆ ನೀವು ಹೇಳಿದ ಹಾಗೆ," ಎಂದ. ಅವರು ತಲೆಯಾಡಿಸಿದರು. ಹೊಸಬ ಮರ್ಯಾದೆಯಿಂದಲೇ ಪಕ್ಕಕ್ಕೆ ಸರಿದು, ನೊರೆಯ ಡಬ್ಬಿಯನ್ನು ಮೆಲ್ಲಗೆ ಕೌಂಟರಿನ ಕೆಳಗೆ ತಳ್ಳಿದ.

ಹಳೆಯ ಗಿರಾಕಿಗಳು ಗುರುತು ಹಿಡಿದು ಒಬ್ಬೊಬ್ಬರಾಗಿ ಹತ್ತಿರ ಬಂದರು. ಬಲಗೈಯ ನಡುಕ ಎಲ್ಲರಿಗೂ ಕಾಣುತ್ತಿತ್ತು, ಕೆಲವರು ಮರುಕದಿಂದ ಬೇರೆ ಕಡೆ ನೋಡಿದರು. ಕೆನೆಯಣ್ಣ ಅದನ್ನೂ ಗಮನಿಸಿದ. ಮೊಣಕೈ ಊರಿ ಚಮಚ ಹಿಡಿದ, ಎಡಗೈಯಲ್ಲಿ ಸುರಿದ. ಕೆನೆ ನಿಂತಿತು. ಲೋಟವನ್ನು ಯಜಮಾನತಿಯ ಮುಂದೆ ಜರುಗಿಸಿದ. ಅವರು ಕದಡದೆ, ತಣ್ಣನೆಯ ಕೆನೆಯ ಮೂಲಕ ಬಿಸಿ ಕಾಫಿಯನ್ನು ಒಂದು ಗುಟುಕು ಎಳೆದು, ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು.

"ಉಗ್ರಾಣ ಯಾಕೆ, ಇವತ್ತಿಂದಲೇ ಇಲ್ಲೇ ನಿಂತ್ಕೊಳ್ಳಿ," ಎಂದರು.

ಗಿರಾಕಿಗಳು ಖುಷಿಯಿಂದ ಕೌಂಟರು ಗುದ್ದಿದ ಸದ್ದಿಗೆ ಗಾಜುಗಳೆಲ್ಲ ಗಲಗಲ ಎಂದವು. ಆ ಗದ್ದಲದಲ್ಲಿ ಹಳೆಯ ಗಿರಾಕಿಯೊಬ್ಬ, ರೈಲಿನ ಟಿಕೆಟ್ ತಪಾಸಣೆ ಮಾಡುವವನು, ಕೇಳಲೋ ಬೇಡವೋ ಎಂದು ಅನುಮಾನಿಸುತ್ತಾ ಕೇಳಿದ. "ಅಲ್ಲ ಕೆನೆಯಣ್ಣ, ಕೆಲಸ ಎಲ್ಲ ಎಡಗೈದೇ ಆಯ್ತಲ್ಲ. ಬಲಗೈಗೆ ಏನಾಯ್ತು?"

ಅಕ್ಕ ಸೆರಗು ಬಿಗಿಹಿಡಿದಳು.

ಕೆನೆಯಣ್ಣ ನಡುಗುವ ಬಲಗೈಯನ್ನು ಬಚ್ಚಿಡಲಿಲ್ಲ. ಚಮಚದ ಸಮೇತ ಎಲ್ಲರಿಗೂ ಕಾಣುವಂತೆ ಮೇಲೆತ್ತಿದ.

"ಅದಕ್ಕೆ ಬಡ್ತಿ ಸಿಕ್ಕಿದೆ ಸ್ವಾಮಿ. ಮೊದಲು ದುಡೀತಿತ್ತು, ಯಾರೂ ಕೇಳಲಿಲ್ಲ. ಈಗ ಚಮಚ ಹಿಡೀತು ನೋಡಿ, ಮೇಲಕ್ಕೆ ಹೋಯ್ತು!"

ಹೋಟೆಲಿಗೆ ಹೋಟೆಲೇ ಹೊಟ್ಟೆ ಹುಣ್ಣಾಗುವಂತೆ ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವರು ಯಜಮಾನತಿ. ಅಕ್ಕ ನಗುತ್ತಲೇ ಕಣ್ಣೊರೆಸಿಕೊಂಡಳು. ಅಷ್ಟರಲ್ಲಿ ರೈಲು ಬಂದಿತ್ತು. ಬಾಗಿಲಿನಿಂದ ಹೊಸ ಗಿರಾಕಿಗಳು ಒಳಗೆ ನುಗ್ಗಿದರು. ಕೆನೆಯಣ್ಣ ಮುಂದಿನ ಲೋಟಕ್ಕೆ ಬಿಸಿನೀರು ಹುಯ್ದ.