ಶೇಖರ ಶೆಟ್ಟರ ಕಣಿವೆ ದಂಡಯಾತ್ರೆ

ಜನವರಿಯ ಒಂದು ಶುಕ್ರವಾರ ಬೆಳಿಗ್ಗೆ ದುಬೈಯ ಅಲ್ ಮುರಕ್ಕಬಾತಿನ ಒಂದು ಹೋಟೆಲಿನಲ್ಲಿ ಚಹಾ ಕುಡಿದು ನಮ್ಮ ದಂಡು ಹೊರಟಿತು. ರಾಸ್ ಅಲ್ ಖೈಮಾದ ಬೆಟ್ಟಗಳ ನಡುವಿನ ಒಂದು ಕಣಿವೆ ನಮ್ಮ ಗುರಿ. ಅಲ್ಲಿ ತಲೆಮಾರುಗಳಿಂದ ಕಲ್ಲಿನ ಮನೆ ಕಟ್ಟಿಕೊಂಡು ಆಡು ಸಾಕುತ್ತಿರುವ ಶಿಹೂಹ್ ಬುಡಕಟ್ಟಿನವರನ್ನು ಕಂಡು ಬರುವುದು ಉದ್ದೇಶ. ದಂಡನಾಯಕರು ಶೇಖರ ಶೆಟ್ಟರು. ವಾರದಲ್ಲಿ ಐದು ದಿನ ಅವರು ಏಸಿ ಬಿಡಿಭಾಗ ಮಾರುವ ಕಂಪೆನಿಯ ಮ್ಯಾನೇಜರು, ಉಳಿದೆರಡು ದಿನ ಸಾಹಸಿ.

ಯಾತ್ರೆಯ ಹಿನ್ನೆಲೆಯನ್ನು ಹೇಳದಿದ್ದರೆ ಚರಿತ್ರೆಗೆ ಅಪಚಾರವಾದೀತು. ಹಿಂದಿನ ವರ್ಷ ಒಬ್ಬ ದಂತವೈದ್ಯರು ಆಫ್ರಿಕದ ಹಿಮದ ಬೆಟ್ಟ ಹತ್ತಿ ಬಂದು, ನಮ್ಮ ಕನ್ನಡ ಸಂಘದಲ್ಲಿ ಚಿತ್ರ ತೋರಿಸಿ ಭಾಷಣ ಮಾಡಿದ್ದರು. ಅಂದಿನಿಂದ ಶೆಟ್ಟರಿಗೆ ಊಟ ರುಚಿಸುತ್ತಿರಲಿಲ್ಲ. ಮುಂದಿನ ಶುಕ್ರವಾರಕ್ಕೆ ಅದೇ ಸಭಾಂಗಣದಲ್ಲಿ ತಮ್ಮ ಉಪನ್ಯಾಸವನ್ನು ಇರಿಸಿಕೊಂಡಿದ್ದರು. ‘ಕಣಿವೆಯ ಜನ: ಅವರ ಮನೆಯೊಳಗಿಂದ ಒಂದು ನೋಟ’ ಎಂಬ ಆಮಂತ್ರಣ ಆಗಲೇ ಎಲ್ಲರ ಮೊಬೈಲಿಗೂ ತಲುಪಿತ್ತು. ಅವರ ಮನೆಯೊಳಗೆ ಹೋಗುವುದೊಂದು ಬಾಕಿ ಇತ್ತು.

ಗಾಡಿ ಇಸ್ಮಾಯಿಲರದು. ಉಳ್ಳಾಲದ ಬ್ಯಾರಿ, ದೇರಾ ಪೇಟೆಯ ಬನಿಯಾಸಿನಲ್ಲಿ ನೀರಿನ ಪಂಪುಗಳ ಅಂಗಡಿ ಇಟ್ಟವರು. ದಂಡಿನಲ್ಲಿ ಅರಬ್ಬಿ ಬಲ್ಲವರು ಅವರೊಬ್ಬರೇ. ನಾವು ನೋಡಹೊರಟ ಸಯೀದ್ ಎಂಬ ವೃದ್ಧರು ಅವರ ಗಿರಾಕಿ. ನಾನು ಜುಮೇರಾ ಲೇಕ್ ಟವರ್ಸಿನ ಒಂದು ಕಚೇರಿಯಲ್ಲಿ ಲೆಕ್ಕ ಬರೆಯುವವನು, ಸಾಕ್ಷಿಗೆಂದು ಸೇರಿಸಿಕೊಂಡಿದ್ದರು. ಶೆಟ್ಟರ ಪತ್ನಿ ಸುಮತಿಯಕ್ಕ ಮೂಲ ಯೋಜನೆಯಲ್ಲಿ ಇರಲಿಲ್ಲ. ದಂಡನಾಯಕರಿಗೆ ತಮ್ಮ ಬಿ.ಪಿ. ಮಾತ್ರೆ ಯಾವ ಚೀಲದಲ್ಲಿದೆಯೆಂಬುದು ಗೊತ್ತಿಲ್ಲದ ಕಾರಣ ಅವರನ್ನೂ ಕರೆದುಕೊಳ್ಳಬೇಕಾಯಿತು.

ಹೆದ್ದಾರಿಯಲ್ಲಿ ಒಂದೂವರೆ ಗಂಟೆಯ ದಾರಿ. ಕೊನೆಯ ಪೆಟ್ರೋಲ್ ಬಂಕಿನಲ್ಲಿ ನಿಂತು ಅಕ್ಕ ಮಾಡಿ ತಂದಿದ್ದ ಬನ್ಸ್ ತಿಂದೆವು. ಶೆಟ್ಟರು ಹಗ್ಗ, ಹಾವು ಕಡಿದರೆ ಕಟ್ಟುವ ಪಟ್ಟಿ, ಬೆಟ್ಟ ಹತ್ತುವ ಎರಡು ಕೋಲು ಇವುಗಳನ್ನು ಮತ್ತೊಮ್ಮೆ ಪರೀಕ್ಷಿಸಿದರು. ಸಯೀದರಿಗೆ ಒಂದು ಫೋನ್ ಹಾಕಿ ಹೋಗುವುದು ಒಳ್ಳೆಯದೆಂದು ಇಸ್ಮಾಯಿಲರು ಸೂಚಿಸಿದರು. ತಾವು ಹಿಂದೆ ಹೋದಾಗಲೆಲ್ಲ ಹಾಗೆಯೇ ಮಾಡಿದ್ದು, ಮುದುಕರು ಕೆಳಗೆ ಬಂದು ಕಾದಿರುತ್ತಾರೆ ಎಂದರು.

“ಫೋನ್ ಮಾಡಿ ಹೋಗ್ಲಿಕ್ಕೆ ಅದೇನು ನೆಂಟರ ಮನೆಯಾ ಮಾರಾಯ್ರೆ?” ಎಂದರು ಶೆಟ್ಟರು. “ಅವರು ಹೇಗಿದ್ದಾರೋ ಹಾಗೇ ನೋಡ್ಬೇಕು. ಇಲ್ಲದಿದ್ರೆ ಸಂಶೋಧನೆ ಅಂತ ಯಾಕೆ ಹೇಳುವುದು?”

ಡಾಂಬರು ಮುಗಿದು ಕಣಿವೆ ಶುರುವಾಯಿತು. ಎರಡೂ ಕಡೆ ಸುಟ್ಟ ಇಟ್ಟಿಗೆಯ ಬಣ್ಣದ ಬಂಡೆಗೋಡೆ, ನಡುವೆ ನೀರಿಲ್ಲದ ಹೊಳೆಯ ಉರುಟು ಕಲ್ಲುಗಳು. ಗಾಳಿ ತಣ್ಣಗಿತ್ತು. ಒಂದು ಬೋರೆ ಮರದ ಬುಡದಲ್ಲಿ ಗಾಡಿ ನಿಲ್ಲಿಸಿ, ದಂಡನಾಯಕರ ಸನ್ನೆಯಂತೆ ಉಸಿರು ಬಿಗಿಹಿಡಿದು ಹತ್ತತೊಡಗಿದೆವು. ಶೆಟ್ಟರು ಕ್ಯಾಮರಾ ಕಣ್ಣಿಗಿಟ್ಟುಕೊಂಡು ಬಗ್ಗಿ ನಡೆಯುತ್ತಿದ್ದರು. ಕೋಳಿ ಕದಿಯಲು ಹೊರಟವರು ಕೂಡ ಅಷ್ಟು ಎಚ್ಚರದಿಂದ ನಡೆಯಲಾರರು.

ಅರ್ಧ ಬೆಟ್ಟ ಏರುವಷ್ಟರಲ್ಲಿ ನಾಯಿ ಬೊಗಳಿತು. ಮೇಲೆ ಕಲ್ಲುಮನೆಯ ಜಗಲಿಯಲ್ಲಿ ಬಿಳಿಗಡ್ಡದ ಒಬ್ಬರು ಎದ್ದು ನಿಂತರು. ಕೈಯಲ್ಲಿ ಉದ್ದ ಹಿಡಿಯ ಪುಟ್ಟ ಕೊಡಲಿ. ನಮ್ಮನ್ನು ಒಮ್ಮೆ ನೋಡಿ, ಎರಡು ಮಾತು ಹೇಳಿ, ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಇಸ್ಮಾಯಿಲರು ಅರ್ಥ ಹೇಳಿದರು. “ಅವರು ಸಯೀದರೇ. ಕೂಗದೆ ಬರುವವರು ಆಡು ಕದಿಯುವವರು ಅಂತೆ. ಕೆಳಗೆ ಮರದ ಹತ್ರ ನಿಂತು ಕೂಗ್ಬೇಕು, ಮನೆಯಿಂದ ಉತ್ತರ ಬಂದ್ರೆ ಮಾತ್ರ ಹತ್ತಬೇಕು. ಇಲ್ಲದಿದ್ರೆ ಖಲಾಸ್, ವಾಪಸ್ ಹೋಗಿ ಅಂತ.”

ದಂಡು ಸಂಶೋಧನಾ ಮಾರ್ಗದಲ್ಲೇ ಕೆಳಗಿಳಿಯಿತು. ಕೂಗುವ ಗೌರವ ನಾಯಕರದೇ ತಾನೆ? ಶೆಟ್ಟರು ಗಂಟಲು ಸರಿಮಾಡಿಕೊಂಡು, ಕಾಲು ಅಗಲಿಸಿ ನಿಂತು ಕೂಗಿದರು. ಇಪ್ಪತ್ತು ವರ್ಷ ಸಂಘದ ಮೈಕಿನ ಮುಂದೆಯೇ ಬೆಳೆದ ಧ್ವನಿ ಅದು; ಮೈಕಿಲ್ಲದೆ ಮರದ ನೆರಳನ್ನೂ ದಾಟಲಿಲ್ಲ. ಒಂದು ಆಡು ಕೂಡ ತಲೆಯೆತ್ತಲಿಲ್ಲ. ಆಮೇಲೆ ನನ್ನ ಸರದಿ. ಸೀನಿದರೆ ಪಕ್ಕದ ಫ್ಲಾಟಿನವರು ಗೋಡೆ ಬಡಿಯುವಲ್ಲಿ ವಾಸವಾಗಿರುವ ನನ್ನ ಕೂಗು ರಜೆ ಕೇಳುವ ಅರ್ಜಿಯ ಹಾಗಿತ್ತು. ಇಸ್ಮಾಯಿಲರದು ಕೆಮ್ಮಿನಲ್ಲಿ ಮುಗಿಯಿತು. ಮೇಲಿನ ಬಾಗಿಲು ಅಲುಗಲಿಲ್ಲ. ಶೆಟ್ಟರು ಒಂದು ಕಲ್ಲಿನ ಮೇಲೆ ಕುಳಿತು ಎದುರಿನ ಬಂಡೆ ನೋಡತೊಡಗಿದರು. ಅವರು ನೋಡುತ್ತಿದ್ದುದು ಬಂಡೆಯನ್ನಲ್ಲ, ನಗುತ್ತಿರುವ ದಂತವೈದ್ಯರ ಹಲ್ಲುಗಳನ್ನು.

ಸುಮತಿಯಕ್ಕ ಅಷ್ಟು ಹೊತ್ತೂ ಗಾಡಿಗೆ ಒರಗಿ ನಿಂತಿದ್ದರು. ಊರಿನಲ್ಲಿ ಅವರ ತವರು ಹೊಳೆಯ ಆಚೆ ದಡದಲ್ಲಂತೆ. ಶಾಲೆಗೆ ಹೋಗುವಾಗ ದಿನಾ ದೋಣಿಯವನನ್ನು ಕೂಗಿ ಕರೆಯಬೇಕಿತ್ತಂತೆ. ಅದನ್ನು ಹೇಳಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಅಂಗೈ ಬಾಯಿಗೆ ಅಡ್ಡ ಹಿಡಿದು, “ಓ…ಓಯ್” ಎಂದು ಒಂದೇ ಉಸಿರಿನಲ್ಲಿ ಎಳೆದರು. ಕೂಗು ಈಚೆಯ ಬಂಡೆಗೆ ಬಡಿದು, ಆಚೆಯ ಬಂಡೆಗೆ ಹಾರಿ, ಬೆಟ್ಟ ಹತ್ತಿ ಹೋಯಿತು. ಆಡುಗಳೆಲ್ಲ ತಲೆಯೆತ್ತಿದವು. ದಂಡನಾಯಕರು ತಮಗರಿವಿಲ್ಲದೆ ಎದ್ದು ನಿಂತರು.

ಕ್ಷಣದಲ್ಲಿ ಮೇಲಿನಿಂದ ಹೆಂಗಸೊಬ್ಬರ ಧ್ವನಿ ಅಷ್ಟೇ ಉದ್ದವಾಗಿ ಉತ್ತರ ಕೊಟ್ಟಿತು.

“ಯಲ್ಲಾ, ಹತ್ತಿ,” ಎಂದರು ಇಸ್ಮಾಯಿಲರು. “ಮನೆಯ ಹೆಂಗಸರೇ ಕರೆದ್ರು. ಅಕ್ಕ ಮೆಹಮಾನ್. ನಾವು ಮೂವರು ಅವರ ಲಗೇಜು.”

ಸಯೀದರು ಹಿಂದಿನದನ್ನೆಲ್ಲ ಮರೆತವರಂತೆ ನಗುತ್ತ ಎದುರ್ಗೊಂಡರು. ಅಕ್ಕನನ್ನು ಇಬ್ಬರು ಹೆಂಗಸರು ಕೈಹಿಡಿದು ಒಳಗೆ ಕರೆದೊಯ್ದರು. ಲಗೇಜನ್ನು ಜಗಲಿಯಲ್ಲಿ ಚಾಪೆ ಹಾಸಿ ಇರಿಸಲಾಯಿತು. ಕಾಫಿ, ಖರ್ಜೂರ, ಬಿಸಿ ರೊಟ್ಟಿ, ಬೆಟ್ಟದ ಜೇನು ಬಂದವು. ಶೆಟ್ಟರು ಬುಡಕಟ್ಟಿನ ಆಚಾರಗಳ ಬಗ್ಗೆ ಪ್ರಶ್ನೆ ಹಾಕಿದರು. ಸಯೀದರು ಪಂಪಿನ ವಾರಂಟಿ ಬಗ್ಗೆ ಕೇಳಿದರು. ತಾವು ಕೆಳಗಿನ ಊರಿನಲ್ಲಿ ಸರ್ಕಾರ ಕಟ್ಟಿಸಿಕೊಟ್ಟ ಮನೆಯಲ್ಲಿರುವುದಾಗಿಯೂ, ಇಲ್ಲಿಗೆ ಬರುವುದು ಚಳಿಗಾಲದ ಶುಕ್ರವಾರಗಳಲ್ಲೆಂದೂ ಹೇಳಿದರು. ದೇರಾದಲ್ಲಿ ಪಾರ್ಕಿಂಗ್ ಸಿಗದಿರುವುದರ ಕುರಿತು ಅವರು ಬಹಳ ಹೊತ್ತು ಮಾತಾಡಿದರು. ಶೆಟ್ಟರ ಪೆನ್ನು ಮುಚ್ಚಳ ಕಳಚಲಿಲ್ಲ.

ಒಳಗಿನಿಂದ ಮಾತ್ರ ನಗು ಅಲೆಅಲೆಯಾಗಿ ಬರುತ್ತಿತ್ತು. ನಡುವೆ ಯಾರೋ ಹಾಡಿದರು, ಏನನ್ನೋ ಕುಟ್ಟಿದರು, ಮತ್ತೆ ನಕ್ಕರು. ಪ್ರತಿ ನಗುವಿಗೂ ಶೆಟ್ಟರು ಬಾಗಿಲ ಕಡೆ ಕತ್ತು ಚಾಚುತ್ತಿದ್ದರು, ಸಯೀದರು ಅವರ ಬಟ್ಟಲಿಗೆ ಕಾಫಿ ಸುರಿಯುತ್ತಿದ್ದರು. ಮಧ್ಯಾಹ್ನ ದಾಟಿದ ಮೇಲೆ ಅಕ್ಕ ಕೈತುಂಬ ಮದರಂಗಿ ಹಚ್ಚಿಸಿಕೊಂಡು ಹೊರಬಂದರು. ಕಣ್ಣಲ್ಲಿ ನಗುವಿನ ನೀರು ಇನ್ನೂ ಆರಿರಲಿಲ್ಲ.

ಗಾಡಿ ಕಣಿವೆಯ ತಿರುವು ದಾಟುವುದನ್ನೇ ಕಾದಿದ್ದ ದಂಡನಾಯಕರು ಹಿಂದಕ್ಕೆ ತಿರುಗಿದರು. ಒಳಗೆ ಎಷ್ಟು ಕೋಣೆ, ಏನು ಕುಟ್ಟಿದ್ದು, ಹಾಡು ಯಾವುದು, ಯಾವ ಭಾಷೆಯಲ್ಲಿ ಮಾತಾಡಿದಿರಿ ಎಂದು ಪ್ರಶ್ನೆಗಳ ಮಳೆ ಸುರಿಸಿದರು. ಅಕ್ಕ ಮದರಂಗಿ ಒಣಗಿಸಿಕೊಳ್ಳುತ್ತಿದ್ದರು.

“ಹೇಳು ಮಾರಾಯ್ತಿ. ಶುಕ್ರವಾರ ನಾನು ಜನರ ಎದುರು ನಿಲ್ಬೇಕು.”

“ಅದೆಲ್ಲ ಮನೆಯೊಳಗಿನ ಮಾತು,” ಎಂದರು ಅಕ್ಕ. “ನಾನು ನಿಮ್ಮ ಬಗ್ಗೆ ಅಲ್ಲಿ ಹೇಳಿದ್ದನ್ನು ಅವರು ಎಲ್ಲಾದ್ರೂ ಹೋಗಿ ಭಾಷಣ ಮಾಡಿದ್ರೆ ನಿಮಗೆ ಆಗ್ತದಾ?”

ದುಬೈಗೆ ಮರಳುವಾಗ ಶಾರ್ಜಾದ ಟ್ರಾಫಿಕ್ಕಿನಲ್ಲಿ ಶೆಟ್ಟರು, ನನ್ನ ಬಗ್ಗೆ ಏನು ಹೇಳಿದೆ ಎಂದು ಮೆಲ್ಲಗೆ ಕೇಳಿದರು. ಅಕ್ಕ ಕಿಟಕಿಯಾಚೆ ನೋಡಿ ನಕ್ಕರು.

ಮುಂದಿನ ಶುಕ್ರವಾರ ಸಭಾಂಗಣ ತುಂಬಿತ್ತು. ಶೆಟ್ಟರು ಒಂದು ಗಂಟೆ ಕಾಲ ಬಂಡೆಗಳ ಚಿತ್ರ ತೋರಿಸಿದರು: ಕೆಂಪು ಬಂಡೆ, ಕಪ್ಪು ಬಂಡೆ, ಆಡು ನಿಂತ ಬಂಡೆ. ಕೊನೆಗೆ ಮುಂದಿನ ಸಾಲಿನಿಂದ ದಂತವೈದ್ಯರು ಎದ್ದು, ಅವರ ಮನೆಯೊಳಗೆ ಏನು ನೋಡಿದಿರಿ, ಅದನ್ನು ಹೇಳಲೇ ಇಲ್ಲವಲ್ಲ ಎಂದು ವಿನಯದಿಂದ ಕೇಳಿದರು.

ಶೆಟ್ಟರು ಮೈಕನ್ನು ಗಟ್ಟಿಯಾಗಿ ಹಿಡಿದು ಮೂರನೆಯ ಸಾಲಿನಲ್ಲಿದ್ದ ಹೆಂಡತಿಯ ಮುಖ ನೋಡಿದರು. ಸುಮತಿಯಕ್ಕ ಹುಬ್ಬು ಕೂಡ ಅಲುಗಿಸಲಿಲ್ಲ.

“ಒಳ್ಳೆಯ ಜನ,” ಎಂದು ಹೇಳಿ ಶೆಟ್ಟರು ಒಂದು ಲೋಟ ನೀರನ್ನು ಪೂರ್ತಿ ಕುಡಿದರು.